1850ರ ಗೋಡೆ ದಾಟುವುದು ಹೇಗೆ? ಹಳೇ ಅಮೆರಿಕದ ದಾಖಲೆಗಳಲ್ಲಿ ಕುಟುಂಬ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

"1850ರ ತನಕ ಸಲೀಸಾಗಿ ಹೋದೆ. ಅದರ ಹಿಂದೆ ಏನೂ ಸಿಗ್ತಿಲ್ಲ."

ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಇದೇ. ಕೇಳುವವರು ಮಾತ್ರ ಬೇರೆ ಬೇರೆ. ಒಬ್ಬರ ಮನೆಗೆ ಅಮೆರಿಕದ ಅಳಿಯ ಬಂದಿದ್ದಾನೆ, ಮೊಮ್ಮಗಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ಹಾಸನದ ಕಡೆಯ ಕೊಂಬೆಯನ್ನು ಅಜ್ಜಿ ಬಾಯಲ್ಲೇ ಹೇಳಿ ಮುಗಿಸಿದರು, ಬೀಗರ ಕಡೆಯ ಕೊಂಬೆ ಅರ್ಧಕ್ಕೆ ನಿಂತಿದೆ. ಇನ್ನೊಬ್ಬರು ಬಾಸ್ಟನ್ ಹತ್ತಿರ ಇನ್ನೂರು ವರ್ಷ ದಾಟಿದ ಮನೆ ಕೊಂಡಿದ್ದಾರೆ. ಅಟ್ಟದ ತೊಲೆಯ ಮೇಲೆ ಕೊರೆದ ಹೆಸರು ಯಾರದ್ದು ಅಂತ ಅವರಿಗೆ ತಿಳಿಯಬೇಕು.

ಎಲ್ಲರೂ ನಿಲ್ಲುವುದು ಒಂದೇ ಜಾಗದಲ್ಲಿ. ಅದಕ್ಕೆ ಕಾರಣ ಸರಳ. ಅಮೆರಿಕದ ಜನಗಣತಿ 1790ರಲ್ಲಿ ಶುರುವಾಯಿತು. ಆದರೆ ಮನೆಯಲ್ಲಿದ್ದ ಸ್ವತಂತ್ರ ಜನರೆಲ್ಲರ ಹೆಸರು ಬರೆದದ್ದು 1850ರಿಂದ. ಅದಕ್ಕೆ ಮುಂಚೆ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಅಂಕಿ. ಹೆಸರು ಟೈಪ್ ಮಾಡಿ ಹುಡುಕುವ ದಾರಿ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಊರು ಹಿಡಿದು ಹೋಗಬೇಕು. ನಮ್ಮ ಕಡೆ ಹಳೇ ಜಮೀನಿನ ದಾಖಲೆ ತೆಗೆಸುವಾಗ ಹೋಬಳಿ, ಗ್ರಾಮ, ಸರ್ವೆ ನಂಬರ್ ಹೇಳಿ ಆಮೇಲೆ ಹೆಸರು ಹೇಳುತ್ತೇವೆ ಅಲ್ವಾ? ಇಲ್ಲೂ ಅಷ್ಟೇ.

ನಾನು ಜಾಸ್ತಿ ಕೈಯಾಡಿಸಿರುವುದು ಮ್ಯಾಸಚೂಸೆಟ್ಸ್‌ನ ವುಸ್ಟರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ದಾಖಲೆಗಳಲ್ಲಿ. ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ. ದಕ್ಷಿಣದ ರಾಜ್ಯಗಳಲ್ಲಿ ದಾರಿ ಬದಲಾಗುವ ಕಡೆ ಹೇಳುತ್ತಾ ಹೋಗುತ್ತೇನೆ.

## ಮೊದಲು ಕೈಗೆ ಬೇಕಾದ ಸಾಮಾನು

ಹಳೇ ದಾಖಲೆಗಳ ಚಿತ್ರ ಇಟ್ಟಿರುವ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಒಂದು ಖಾತೆ ಬೇಕು, ಅದು ಉಚಿತ. ನಿಮ್ಮ ಊರಿನ ಲೈಬ್ರರಿ ಕಾರ್ಡ್ ಬೇಕು. ದುಡ್ಡು ಕಟ್ಟಿ ನೋಡುವ ಇಂಥದ್ದೇ ಜಾಲತಾಣ ಆನ್ಸೆಸ್ಟ್ರಿಯ ಲೈಬ್ರರಿ ಆವೃತ್ತಿ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಕ್ಕಟೆ ಸಿಗುತ್ತದೆ, ಮೊದಲ ದಿನವೇ ದುಡ್ಡು ಕಟ್ಟಬೇಡಿ. ಫ್ಯಾಮಿಲಿಸರ್ಚ್‌ನ ಕೆಲವು ಚಿತ್ರಗಳ ಮೇಲೆ ಬೀಗದ ಗುರುತು ಇರುತ್ತದೆ. ಅವನ್ನು ಅವರ ಕೇಂದ್ರದಲ್ಲೋ ಅವರ ಜೊತೆ ಒಪ್ಪಂದವಿರುವ ಲೈಬ್ರರಿಯಲ್ಲೋ ಕೂತು ನೋಡಬೇಕು.

ಇನ್ನು ಒಂದು ಸ್ಪ್ರೆಡ್‌ಶೀಟ್. ಅದರಲ್ಲಿ ಐದು ಕಾಲಂ: ದಿನಾಂಕ, ಊರು, ದಾಖಲೆ, ಪುಸ್ತಕ ಮತ್ತು ಪುಟ, ಏನು ಸಿಕ್ಕಿತು. "ಏನೂ ಸಿಗಲಿಲ್ಲ" ಅನ್ನುವುದನ್ನೂ ಬರೆಯಬೇಕು. ಬರೆಯದಿದ್ದರೆ ಆರು ತಿಂಗಳ ಮೇಲೆ ಅದೇ ಪುಸ್ತಕವನ್ನು ಮತ್ತೆ ತಿರುವುತ್ತಾ ಕೂತಿರುತ್ತೀರಿ.

## ಹಂತ 1: 1850ರಲ್ಲಿ ನಿಂತು ಕಾಲೂರಿಕೊಳ್ಳಿ

ಹಿಂದಕ್ಕೆ ಹಾರುವ ಆತುರ ಬೇಡ. 1850, 1860, 1870, 1880 ಈ ನಾಲ್ಕೂ ಗಣತಿಗಳಲ್ಲಿ ನಿಮ್ಮ ಕುಟುಂಬ ಸಿಗಬೇಕು. ಯಜಮಾನನಿಗೆ ಏನು ಸಂಬಂಧ ಅನ್ನುವ ಕಾಲಂ ಬಂದದ್ದೇ 1880ರಲ್ಲಿ. 1850ರ ಹಾಳೆಯಲ್ಲಿ ಗಂಡಸು, ಹೆಂಗಸು, ಐದು ಮಕ್ಕಳು ಒಟ್ಟಿಗೆ ಇದ್ದರೆ ಅವರು ಗಂಡ, ಹೆಂಡತಿ, ಮಕ್ಕಳೇ ಆಗಿರಬೇಕಿಲ್ಲ. ಆ ಹೆಂಗಸು ಅವನ ತಂಗಿ ಇರಬಹುದು. ಎರಡನೇ ಹೆಂಡತಿ ಇರಬಹುದು.

1890ರ ಗಣತಿ ಹುಡುಕಿ ಸುಸ್ತಾಗಬೇಡಿ. ವಾಷಿಂಗ್ಟನ್‌ನಲ್ಲಿ 1921ರ ಜನವರಿಯಲ್ಲಿ ಬಿದ್ದ ಬೆಂಕಿಯಲ್ಲಿ ಅದು ಬಹುಪಾಲು ಹಾಳಾಯಿತು.

1850ರಲ್ಲಿ ಮನೆಯ ಹಿರಿಯರು ಯಾವ ರಾಜ್ಯದಲ್ಲಿ ಹುಟ್ಟಿದವರು ಅಂತ ಬರೆದಿರುತ್ತದೆ. ಅಕ್ಕಪಕ್ಕದ ಹತ್ತು ಮನೆಗಳ ಹೆಸರನ್ನೂ ಬರೆದುಕೊಳ್ಳಿ. ಈಗ ಅದು ದಂಡ ಅನ್ನಿಸುತ್ತದೆ. ಹಂತ 6ರಲ್ಲಿ ಅದೇ ಹೆಸರುಗಳು ಜಮೀನಿನ ಚೆಕ್ಕುಬಂದಿಯಲ್ಲಿ ಎದುರಾಗುತ್ತವೆ.

## ಹಂತ 2: ಆ ಊರು ಆಗ ಯಾವ ಕೌಂಟಿಯಲ್ಲಿತ್ತು?

ಹುಡುಕಾಟ ಸೋಲುವುದಕ್ಕೆ ದೊಡ್ಡ ಕಾರಣ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಮೈಸೂರು ಜಿಲ್ಲೆಯಿಂದ 1997ರಲ್ಲಿ ಚಾಮರಾಜನಗರ ಬೇರೆಯಾಯಿತು. ಆದರೆ ಹಳೇ ಕಡತಗಳು ಗಡಿಯ ಜೊತೆ ತಾವಾಗಿ ಎದ್ದು ನಡೆಯಲಿಲ್ಲ. ಅಮೆರಿಕದಲ್ಲೂ ಕೌಂಟಿ ಒಡೆದಾಗ ಹಳೇ ಪುಸ್ತಕಗಳು ಸಾಮಾನ್ಯವಾಗಿ ತಾಯಿ ಕೌಂಟಿಯಲ್ಲೇ ಉಳಿದವು. ವೆಸ್ಟ್‌ಬರೋ ಊರು ಆದದ್ದು 1717ರಲ್ಲಿ, ಮಾರ್ಲ್‌ಬರೋ ಊರಿನಿಂದ ಬೇರೆಯಾಗಿ. ವುಸ್ಟರ್ ಕೌಂಟಿ ಹುಟ್ಟಿದ್ದು 1731ರಲ್ಲಿ. ಹಾಗಾದರೆ 1725ರ ಒಂದು ವೆಸ್ಟ್‌ಬರೋ ಕ್ರಯಪತ್ರ ಎಲ್ಲಿದೆ? ಆ ಊರು ಆಗ ಸೇರಿದ್ದ ಮಿಡಲ್‌ಸೆಕ್ಸ್ ಕೌಂಟಿಯ ಪುಸ್ತಕದಲ್ಲಿ. ವುಸ್ಟರ್‌ನಲ್ಲಿ ಹುಡುಕಿ "ಇಲ್ಲ" ಅಂದವರು ತಪ್ಪು ಬಾಗಿಲು ತಟ್ಟಿದ್ದರು, ಅಷ್ಟೇ. ಅದೇ ರೀತಿ ಡೆಡಮ್ ಇರುವ ನಾರ್ಫೋಕ್ ಕೌಂಟಿ 1793ರಲ್ಲಿ ಸಫೋಕ್‌ನಿಂದ ಒಡೆದದ್ದು. ಮೇನ್ ರಾಜ್ಯ 1820ರ ತನಕ ಮ್ಯಾಸಚೂಸೆಟ್ಸ್‌ನದೇ ಭಾಗ. ಕೆಂಟಕಿ 1792ರ ತನಕ ವರ್ಜೀನಿಯಾ. ವೆಸ್ಟ್ ವರ್ಜೀನಿಯಾ 1863ಕ್ಕೆ ಮುಂಚೆ ಇರಲೇ ಇಲ್ಲ.

ಇದಕ್ಕೆ ಒಳ್ಳೆಯ ಸಾಧನ ಶಿಕಾಗೋದ ನ್ಯೂಬೆರಿ ಲೈಬ್ರರಿಯ ಐತಿಹಾಸಿಕ ಕೌಂಟಿ ಗಡಿಗಳ ಅಟ್ಲಾಸ್. ಇಸವಿ ಕೊಟ್ಟರೆ ಆ ದಿನದ ಗಡಿ ತೋರಿಸುತ್ತದೆ.

ಎರಡನೇ ಪ್ರಶ್ನೆ: ದಾಖಲೆ ಇಟ್ಟವರು ಯಾರು? ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಹುಟ್ಟು, ಮದುವೆ, ಸಾವು ಬರೆದದ್ದು ಟೌನ್. ಈ 'ಟೌನ್' ಅನ್ನುವುದು ಪಟ್ಟಣ ಅಲ್ಲ. ಹೊಲ, ಕಾಡು, ಕೆರೆ ಎಲ್ಲ ಸೇರಿದ ನಮ್ಮ ಪಂಚಾಯ್ತಿಯಂಥದ್ದು. ಜಮೀನಿನ ಪತ್ರ ಮ್ಯಾಸಚೂಸೆಟ್ಸ್‌ನಲ್ಲಿ ಕೌಂಟಿಯಲ್ಲಿದೆ. ಆದರೆ ಗಡಿ ದಾಟಿ ಕನೆಕ್ಟಿಕಟ್, ರೋಡ್ ಐಲೆಂಡ್, ವರ್ಮಾಂಟ್‌ಗೆ ಹೋದರೆ ಅದೇ ಪತ್ರ ಟೌನ್ ಕಚೇರಿಯಲ್ಲಿದೆ. ವರ್ಜೀನಿಯಾದಿಂದ ದಕ್ಷಿಣಕ್ಕೆ ಬಹುತೇಕ ಎಲ್ಲವೂ ಕೌಂಟಿಯಲ್ಲೇ.

ಫ್ಯಾಮಿಲಿಸರ್ಚ್ ತೆರೆದ ಕೂಡಲೇ ಹೆಸರಿನ ಪೆಟ್ಟಿಗೆಗೆ ಕೈ ಹಾಕಬೇಡಿ. 'ಕ್ಯಾಟಲಾಗ್' ಒತ್ತಿ, ಜಾಗದ ಹೆಸರು ಕೊಡಿ. ಆ ಊರಿಗೆ, ಆ ಕೌಂಟಿಗೆ ಏನೇನು ಪುಸ್ತಕ ಇವೆ ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಎಷ್ಟೋ ಪುಸ್ತಕಗಳಿಗೆ ಹೆಸರಿನ ಸೂಚಿಯೇ ಇಲ್ಲ. ಪುಟ ಪುಟ ತಿರುವಬೇಕು.

## ಹಂತ 3: ಅಡ್ಡಹೆಸರನ್ನು ಕನ್ನಡದಲ್ಲಿ ಬರೆಯಿರಿ

ಇದು ತಮಾಷೆ ಅಲ್ಲ. ಕನ್ನಡ ಗೊತ್ತಿರುವವರಿಗೆ ಇಲ್ಲಿ ಒಂದು ಲಾಭ ಇದೆ.

ಆಗಿನ ಗುಮಾಸ್ತರು ಕಿವಿಗೆ ಕೇಳಿಸಿದ ಹಾಗೆ ಬರೆಯುತ್ತಿದ್ದರು. ಕಾಗುಣಿತ ಖಚಿತ ಇರಲಿಲ್ಲ. ಒಂದೇ ಉಯಿಲಿನಲ್ಲಿ ಒಂದೇ ಹೆಸರು ಮೂರು ತರ ಇರುತ್ತದೆ. ಈಗ 'ರೀಡ್' ಅನ್ನುವ ಅಡ್ಡಹೆಸರು ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಒಂದೇ ತರ. ಇಂಗ್ಲಿಷ್‌ನಲ್ಲಿ ಆರ್ ಮತ್ತು ಡಿ ನಡುವೆ ಎರಡು ಇ ಹಾಕಬಹುದು, ಇ-ಎ ಹಾಕಬಹುದು, ಇ-ಐ ಹಾಕಬಹುದು, ಕೊನೆಗೆ ಇನ್ನೊಂದು ಇ ಬಾಲ ಅಂಟಿಸಬಹುದು. 'ರೈಟ್' ಅನ್ನುವುದನ್ನು ಡಬ್ಲ್ಯೂ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು, ಆ ಉಚ್ಚಾರಕ್ಕೆ ಬರಬಹುದಾದ ಎಲ್ಲ ಇಂಗ್ಲಿಷ್ ಕಾಗುಣಿತಗಳನ್ನು ಪಟ್ಟಿ ಮಾಡಿ. ಅಷ್ಟನ್ನೂ ಹುಡುಕಿ. "ನಮ್ಮ ಮನೆತನದವರು ಎರಡು ಇ ಹಾಕಿ ಬರೆಯೋರು, ಇವರು ನಮ್ಮವರಲ್ಲ" ಅನ್ನುವ ಮಾತನ್ನು 1800ಕ್ಕೆ ಮುಂಚಿನ ದಾಖಲೆಗೆ ಅನ್ವಯಿಸಬೇಡಿ.

ಮುದ್ದಿನ ಹೆಸರುಗಳ ಕಾಟ ಬೇರೆ. ಪಾಲಿ ಅಂದರೆ ಮೇರಿ. ಪ್ಯಾಟ್ಸಿ ಅಂದರೆ ಮಾರ್ತಾ. ಸ್ಯಾಲಿ ಅಂದರೆ ಸಾರಾ, ಪೆಗ್ಗಿ ಅಂದರೆ ಮಾರ್ಗರೆಟ್, ನ್ಯಾನ್ಸಿ ಅನೇಕ ಸಲ ಆನ್. ಮದುವೆ ಪುಸ್ತಕದಲ್ಲಿ ಪಾಲಿ, ಗೋರಿಕಲ್ಲಿನ ಮೇಲೆ ಮೇರಿ ಇದ್ದರೆ ಇಬ್ಬರು ಹೆಂಡತಿಯರು ಅಂತ ತೀರ್ಮಾನಿಸಬೇಡಿ.

## ಹಂತ 4: ಕೈಬರಹ, ದಿನಾಂಕ, ಪದ ಈ ಮೂರರ ಮೋಸ

ಮೋಡಿ ಲಿಪಿಯ ಕಾಗದ ಮನೆಯಲ್ಲಿ ಇಟ್ಟುಕೊಂಡವರಿಗೆ ಈ ಸಂಕಟ ಗೊತ್ತು. ಹಳೇ ಇಂಗ್ಲಿಷ್ ಬರಹದಲ್ಲಿ ಪದದ ನಡುವಿನ ಎಸ್ ಅಕ್ಷರ ಉದ್ದವಾಗಿ ಎಫ್ ತರ ಕಾಣುತ್ತದೆ. ಎರಡು ಎಸ್ ಬಂದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಹಾಗಾಗಿ 'ಜೆಸ್ಸಿ' ಎಷ್ಟೋ ಸೂಚಿಗಳಲ್ಲಿ 'ಜೆಫ್ಸಿ' ಆಗಿ ಕೂತಿದ್ದಾನೆ. ಜೆ-ಎನ್-ಒ ಅಂದರೆ ಜಾನ್, ಜೆ-ಎ-ಎಸ್ ಅಂದರೆ ಜೇಮ್ಸ್. ಓದಲು ಬಾರದ ಅಕ್ಷರ ಸಿಕ್ಕರೆ ಊಹಿಸಬೇಡಿ. ಅದೇ ಗುಮಾಸ್ತ ಅದೇ ಪುಟದಲ್ಲಿ ಬರೆದ, ನಿಮಗೆ ಗೊತ್ತಿರುವ ಪದ ಹುಡುಕಿ, ಅಕ್ಷರ ಹೋಲಿಸಿ.

ದಿನಾಂಕದ ವಿಷಯ ಇನ್ನೂ ಕೀಟಲೆಯದು. ಇಂಗ್ಲಿಷರ ವಸಾಹತುಗಳಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ಯುಗಾದಿ ಆಸುಪಾಸು ಅನ್ನಿ. ಜನವರಿ, ಫೆಬ್ರವರಿ ಎರಡೂ ಹಳೇ ವರ್ಷಕ್ಕೇ ಸೇರುತ್ತಿದ್ದವು. ಒಬ್ಬರು ಗಾಬರಿಯಾಗಿ ಬರೆದಿದ್ದರು: "ಮದುವೆ 1740ರ ಮೇ ತಿಂಗಳಲ್ಲಿ, ಮಗು ಹುಟ್ಟಿದ್ದು 1740ರ ಫೆಬ್ರವರಿಯಲ್ಲಿ!" ಗಾಬರಿ ಬೇಡ. ಆ ಫೆಬ್ರವರಿ ಮದುವೆಯಾಗಿ ಒಂಬತ್ತು ತಿಂಗಳಿಗೆ ಬಂದದ್ದು, ನಮ್ಮ ಲೆಕ್ಕದಲ್ಲಿ 1741. ಇಂಥ ದಿನಾಂಕವನ್ನು 1740/41 ಅಂತ ಎರಡೂ ಇಸವಿ ಕೊಟ್ಟು ಬರೆಯಿರಿ. ಕ್ಯಾಲೆಂಡರ್ ಬದಲಿಸಿದ್ದರಿಂದ 1752ರಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನವೇ ಸೆಪ್ಟೆಂಬರ್ 14 ಆಯಿತು. ಕ್ವೇಕರ್ ಪಂಥದವರು ತಿಂಗಳಿಗೆ ಹೆಸರಿನ ಬದಲು ಅಂಕಿ ಬರೆಯುತ್ತಿದ್ದರು. 1752ಕ್ಕೆ ಮುಂಚಿನ ಅವರ 'ಮೊದಲನೇ ತಿಂಗಳು' ಅಂದರೆ ಮಾರ್ಚ್.

ಪದಗಳು ನೋಡಲು ಪರಿಚಿತ, ಅರ್ಥ ಬೇರೆ. 'ಇನ್‌ಫಂಟ್' ಅಂದರೆ ಕೂಸಲ್ಲ, 21 ತುಂಬದವನು. 'ಆರ್ಫನ್' ಅಂದರೆ ತಂದೆ ಸತ್ತವನು, ತಾಯಿ ಬದುಕಿರಬಹುದು. 'ಮದರ್ ಇನ್ ಲಾ' ಮಲತಾಯಿ ಇರಬಹುದು. 'ಕಸಿನ್' ಅಂದರೆ ಅಣ್ಣನ ಮಗನೂ ಆಗಬಹುದು. ಉಯಿಲಿನಲ್ಲಿ 'ನನ್ನ ಈಗಿನ ಹೆಂಡತಿ' ಅಂದಿದ್ದರೆ ಮುಂಚೆ ಒಬ್ಬಳಿದ್ದಳು ಅಂತಲೇ ಅರ್ಥವಲ್ಲ. ಇನ್ನು 'ಇಂಡಿಯನ್' ಅಂತ ಕಂಡು ನಮ್ಮವರು ಕುಣಿಯುವುದನ್ನು ನೋಡಿದ್ದೇನೆ. ಅದು ಆ ನೆಲದ ಮೂಲನಿವಾಸಿಗಳು. ನಮ್ಮ ಕಡೆಯವರು ತೀರಾ ಅಪರೂಪಕ್ಕೆ ಸಿಗುತ್ತಾರೆ. ಸೇಲಂ ಬಂದರಿನ ಪಾದ್ರಿ ವಿಲಿಯಂ ಬೆಂಟ್ಲಿ 1790ರಲ್ಲಿ ಮದರಾಸಿನಿಂದ ಬಂದ ಒಬ್ಬನನ್ನು ಕಂಡದ್ದನ್ನು ದಿನಚರಿಯಲ್ಲಿ ಬರೆದಿದ್ದಾರೆ. ನಾನು ಆ ಸಾಲು ಓದಿ ಅವತ್ತಿನ ಕೆಲಸ ಬಿಟ್ಟು ಅವನನ್ನೇ ಹುಡುಕುತ್ತಾ ಕೂತೆ. ಇಂಥ ಅಡ್ಡದಾರಿಗಳು ತುಂಬಾ ಇವೆ, ಹುಷಾರು.

## ಹಂತ 5: ಊರ ಪುಸ್ತಕ, ಚರ್ಚಿನ ಪುಸ್ತಕ

ಮ್ಯಾಸಚೂಸೆಟ್ಸ್‌ನ ಬಹಳಷ್ಟು ಊರುಗಳ 1850ರ ತನಕದ ಹುಟ್ಟು, ಮದುವೆ, ಸಾವಿನ ದಾಖಲೆಗಳು ಅಚ್ಚಾಗಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅಕಾರಾದಿಯಾಗಿ ಜೋಡಿಸಿರುವುದರಿಂದ ಹುಡುಕಲು ಸುಲಭ. ಅದೇ ಅದರ ತೊಂದರೆಯೂ ಹೌದು. ಮೂಲ ಪುಸ್ತಕದಲ್ಲಿ ಒಂದು ಮನೆಯ ಮಕ್ಕಳು ಒಂದೇ ಪುಟದಲ್ಲಿ, ಒಟ್ಟಿಗೆ ಇರುತ್ತಿದ್ದರು. ಏಳು ಮಕ್ಕಳ ಹೆಸರೂ ಒಂದೇ ಶಾಯಿ, ಒಂದೇ ಕೈಬರಹ, ಒಂದೇ ಓಟದಲ್ಲಿ ಬರೆದದ್ದು ಕಂಡರೆ ಅದಕ್ಕೆ ಅರ್ಥ ಇದೆ: ಆ ಕುಟುಂಬ ಬೇರೆ ಊರಿಂದ ಬಂದು, ಒಂದು ದಿನ ಗುಮಾಸ್ತನ ಮುಂದೆ ಕೂತು ಎಲ್ಲ ಮಕ್ಕಳನ್ನೂ ಬರೆಸಿರಬಹುದು. ಹಿರಿಯ ಮಕ್ಕಳು ಹುಟ್ಟಿದ್ದು ಇಲ್ಲೇ ಅಲ್ಲದಿರಬಹುದು. ಈ ಸುಳಿವು ಅಚ್ಚಿನಲ್ಲಿ ಮಾಯ. ಅಚ್ಚಿನ ಪುಸ್ತಕವನ್ನು ಸೂಚಿ ಅಂದುಕೊಳ್ಳಿ, ಆಮೇಲೆ ಮೂಲದ ಚಿತ್ರ ತೆರೆಯಿರಿ.

ಸಾಮಾನ್ಯ ತಪ್ಪು ಎರಡು. ಮದುವೆಗೆ ಮುಂಚೆ ಊರಲ್ಲಿ 'ಮದುವೆ ಆಗುವ ಇರಾದೆ' ಸಾರುತ್ತಿದ್ದರು. ಪುಸ್ತಕದಲ್ಲಿ ಅದೂ ಇರುತ್ತದೆ. ನಿಶ್ಚಿತಾರ್ಥದ ದಿನವನ್ನು ಮುಹೂರ್ತ ಅಂತ ಬರೆದ ಹಾಗೆ, ಇರಾದೆಯ ದಿನವನ್ನೇ ಮದುವೆ ದಿನ ಅಂತ ಬರೆದುಕೊಳ್ಳುವವರು ಜಾಸ್ತಿ. ಎರಡನೆಯದು, ಒಂದು ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರು ಇಡುವ ರೂಢಿ ಇತ್ತು. 1742ರ ಸಾರಾ, 1745ರ ಸಾರಾ ಒಂದೇ ಮನೆಯವರು. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವಳು ಎರಡನೆಯವಳು.

ಚರ್ಚಿನ ಪುಸ್ತಕ ಬೇರೆಯೇ ಇರುತ್ತದೆ, ಅದರಲ್ಲಿ ದೀಕ್ಷಾಸ್ನಾನದ ದಿನಾಂಕ ಇರುತ್ತದೆ, ಹುಟ್ಟಿದ ದಿನ ಅಲ್ಲ. ಸದಸ್ಯರು ಯಾವ ಊರಿನ ಚರ್ಚಿನಿಂದ ಪತ್ರ ತಂದರು ಅನ್ನುವುದೂ ಇರುತ್ತದೆ. ಹಿಂದಿನ ಊರು ಕೈಗೆ ಸಿಗುವುದು ಎಷ್ಟೋ ಸಲ ಇಲ್ಲೇ. ಅದೃಷ್ಟ ಇದ್ದರೆ ಪಾದ್ರಿಯ ದಿನಚರಿ ಉಳಿದಿರುತ್ತದೆ. ವೆಸ್ಟ್‌ಬರೋದಲ್ಲಿ 1724ರಿಂದ 1782ರ ತನಕ ಪಾದ್ರಿಯಾಗಿದ್ದ ಎಬೆನೀಜರ್ ಪಾರ್ಕ್‌ಮನ್ ಬರೆದಿಟ್ಟ ದಿನಚರಿಯಲ್ಲಿ ಯಾರ ಮನೆಗೆ ಹೋದರು, ಯಾರಿಗೆ ಕಾಯಿಲೆ, ಯಾರು ಹುಲ್ಲು ಕೊಯ್ದು ಕೊಟ್ಟರು ಎಲ್ಲ ಇದೆ.

ಕುಟುಂಬ ದಿಢೀರನೆ ಊರಲ್ಲಿ ಪ್ರತ್ಯಕ್ಷವಾಗಿದ್ದರೆ 'ವಾರ್ನಿಂಗ್ ಔಟ್' ದಾಖಲೆ ನೋಡಿ. ಹೊಸದಾಗಿ ಬಂದವರು ಮುಂದೆ ಬಡವರಾದರೆ ಸಾಕುವ ಖರ್ಚು ಊರಿನ ಮೇಲೆ ಬೀಳಬಾರದು ಅಂತ, ಊರು ಬಿಡಿ ಎಂದು ನೋಟಿಸು ಕೊಡುತ್ತಿದ್ದರು. ಬಹಳ ಮಂದಿ ಬಿಡಲೂ ಇಲ್ಲ, ಅಲ್ಲೇ ಉಳಿದರು. ಆದರೆ ನೋಟಿಸಿನಲ್ಲಿ ಹೆಂಡತಿ ಮಕ್ಕಳ ಹೆಸರು, ಎಲ್ಲಿಂದ ಬಂದರು, ಯಾವಾಗ ಬಂದರು ಅಂತ ಇರುವುದುಂಟು. ಅವರಿಗೆ ಅವಮಾನ, ನಮಗೆ ಆಧಾರ.

ವರ್ಜೀನಿಯಾದವರಿಗೆ: ಅಲ್ಲಿ ರಾಜ್ಯಮಟ್ಟದ ಹುಟ್ಟು ಸಾವಿನ ನೋಂದಣಿ ಶುರುವಾದದ್ದು 1853ರಲ್ಲಿ. ಅದಕ್ಕೆ ಮುಂಚೆ ಮದುವೆ ಬಾಂಡ್ ಹುಡುಕಿ. ಜಾಮೀನು ನಿಂತವನು ಅನೇಕ ಸಲ ಹುಡುಗಿಯ ಅಪ್ಪ ಅಥವಾ ಅಣ್ಣ.

## ಹಂತ 6: ಉಯಿಲು ಮತ್ತು ಜಮೀನು

ನನ್ನ ಪ್ರಕಾರ ಅರ್ಧ ಸಮಯ ಇಲ್ಲೇ ಕಳೆಯಬೇಕು. ಹುಟ್ಟಿದ ದಿನ ಬರೆಸಲು ಮರೆತವರು ಸಿಗುತ್ತಾರೆ, ಆಸ್ತಿ ಪಾಲು ಬರೆಸಲು ಮರೆತವರು ಕಮ್ಮಿ.

6.1 ಪ್ರೊಬೇಟ್ ಕಡತ, ಅಂದರೆ ಸತ್ತವರ ಆಸ್ತಿ ವಿಲೇವಾರಿಯ ಕೋರ್ಟು ಕಡತ. ಉಯಿಲು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಉಯಿಲು ಇಲ್ಲ ಅಂತಲೂ ಬಿಡಬೇಡಿ. ಉಯಿಲಿಲ್ಲದೆ ಸತ್ತವರ ಕಡತ ಎಷ್ಟೋ ಸಲ ಇನ್ನೂ ದಪ್ಪ. ಅದರಲ್ಲಿ ಆಡಳಿತದ ಬಾಂಡ್, ಆಸ್ತಿ ಪಟ್ಟಿ, ಲೆಕ್ಕ, ವಿಧವೆಯ ಮೂರನೇ ಒಂದು ಪಾಲು, ಮಕ್ಕಳ ಹಂಚಿಕೆ ಇರುತ್ತದೆ. ನಕಲು ಪುಸ್ತಕ ಬೇರೆ, ಮೂಲ ಕಾಗದಗಳ ಕಟ್ಟು ಬೇರೆ. ಎರಡನ್ನೂ ಕೇಳಿ. ಕಟ್ಟಿನಲ್ಲಿ ಅವರವರೇ ಸಹಿ ಹಾಕಿದ ರಸೀದಿಗಳಿರುತ್ತವೆ.

ವಿಧವೆಯ ಪಾಲಿನ ಹಾಳೆ ಒಮ್ಮೆ ಓದಿ ನೋಡಿ. ಪೂರ್ವದ ಕೋಣೆ, ನೆಲಮಾಳಿಗೆಯಲ್ಲಿ ಇಷ್ಟು ಜಾಗ, ಬಾವಿಗೆ ಹೋಗಿ ಬರುವ ಹಕ್ಕು, ಒಲೆಯಲ್ಲಿ ರೊಟ್ಟಿ ಸುಡುವ ಹಕ್ಕು, ಮೆಟ್ಟಿಲು ಬಳಸುವ ಹಕ್ಕು. ನಮ್ಮ ಹಳೇ ವಿಭಾಗ ಪತ್ರದಲ್ಲಿ "ಬಾವಿ ನೀರು ಸೇದಲು ಉಭಯತ್ರರಿಗೂ ಹಕ್ಕಿರುತ್ತದೆ" ಅಂತ ಬರುವುದಿಲ್ಲವೇ, ಅದೇ ಧಾಟಿ. ಹಳೇ ಮನೆ ಕೊಂಡವರಿಗೆ ಮನೆಯ ನಕ್ಷೆಯೇ ಇದರಲ್ಲಿ ಸಿಗುತ್ತದೆ.

ಮಕ್ಕಳ ವಯಸ್ಸು ಗೊತ್ತಿಲ್ಲವೇ? ಪೋಷಕರ ನೇಮಕದ ಕಾಗದ ನೋಡಿ. 14 ತುಂಬಿದ ಮಗು ತನ್ನ ಪೋಷಕನನ್ನು ತಾನೇ ಆರಿಸಬಹುದಿತ್ತು, ಅದಕ್ಕಿಂತ ಚಿಕ್ಕವರಿಗೆ ನ್ಯಾಯಾಲಯ ನೇಮಿಸುತ್ತಿತ್ತು. 1763ರಲ್ಲಿ ತಾನೇ ಆರಿಸಿದ್ದಾನೆ ಅಂದರೆ ಅವನ ವಯಸ್ಸು ಆಗ 14 ಮತ್ತು 21ರ ನಡುವೆ.

ಎಲ್ಲ ಮಕ್ಕಳೂ ಉಯಿಲಿನಲ್ಲಿ ಇರುತ್ತಾರೆ ಅನ್ನುವ ನಂಬಿಕೆ ತಪ್ಪು. ವರ್ಜೀನಿಯಾದಲ್ಲಿ 1780ರ ದಶಕದ ತನಕ ಉಯಿಲಿಲ್ಲದಿದ್ದರೆ ಜಮೀನೆಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು. ಹಾಗಾಗಿ ಅಪ್ಪ ಅವನ ಹೆಸರು ಎತ್ತದೆಯೂ ಇರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಉಯಿಲಿಲ್ಲದ ಆಸ್ತಿ ಹಂಚುವಾಗ ಬಹಳ ಕಾಲ ಹಿರಿಯ ಮಗನಿಗೆ ಎರಡು ಪಾಲು ಕೊಡುತ್ತಿದ್ದರು. ಹಳೇ ಹಂಚಿಕೆಯಲ್ಲಿ ಒಬ್ಬನಿಗೆ ಮಾತ್ರ ಡಬಲ್ ಕಂಡರೆ ಹಿರಿಯ ಯಾರು ಅಂತ ತಿಳಿಯಿತು.

6.2 ಕ್ರಯಪತ್ರ. ಮ್ಯಾಸಚೂಸೆಟ್ಸ್‌ನ ಜಮೀನು ಪುಸ್ತಕಗಳ ಚಿತ್ರಗಳು ಫ್ಯಾಮಿಲಿಸರ್ಚ್‌ನಲ್ಲಿವೆ. ಸೂಚಿ ಎರಡು ಇರುತ್ತವೆ: ಮಾರಿದವರದ್ದು, ಕೊಂಡವರದ್ದು. ಹೊಸಬರು ಕೊಂಡವರ ಸೂಚಿ ಮಾತ್ರ ನೋಡುತ್ತಾರೆ. ಚಿನ್ನ ಇರುವುದು ಮಾರಿದವರ ಸೂಚಿಯಲ್ಲಿ. ಅಪ್ಪ ಸತ್ತ ಮೇಲೆ ಮಕ್ಕಳು, ಅಳಿಯಂದಿರು ಎಲ್ಲ ಸೇರಿ ತಮ್ಮ ಹಕ್ಕನ್ನು ಒಬ್ಬ ಅಣ್ಣನಿಗೆ ಬಿಟ್ಟುಕೊಟ್ಟ ಬಿಡುಗಡೆ ಪತ್ರ ಒಂದು ಸಿಕ್ಕರೆ ಸಾಕು. ಹೆಣ್ಣುಮಕ್ಕಳ ಹೆಸರು, ಅವರ ಗಂಡಂದಿರ ಹೆಸರು, ಈಗ ಯಾವ ಊರಲ್ಲಿದ್ದಾರೆ ಅನ್ನುವುದು ಎಲ್ಲ ಒಂದೇ ಪುಟದಲ್ಲಿ. ಸೂಚಿಯಲ್ಲಿ ಮೊದಲ ಸಹಿದಾರನ ಹೆಸರು ಮಾತ್ರ ಇದ್ದು "ಮತ್ತಿತರರು" ಅಂತ ಹಾಕಿರುತ್ತಾರೆ. ಆದ್ದರಿಂದ ಅಳಿಯಂದಿರ ಅಡ್ಡಹೆಸರಿನಲ್ಲೂ ಹುಡುಕಿ.

ಪತ್ರ ಬರೆದ ದಿನ ಬೇರೆ, ನೋಂದಾಯಿಸಿದ ದಿನ ಬೇರೆ. ಮನೆಯ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷ ಮಲಗಿ ಆಮೇಲೆ ನೋಂದಣಿಯಾದವೂ ಇವೆ. ಮಾರಿದವನು ಸತ್ತ ಮೇಲಿನ ಇಸವಿಗಳ ಪುಸ್ತಕವನ್ನೂ ತೆರೆಯಬೇಕು.

ಬೆಲೆಯ ಜಾಗದಲ್ಲಿ "ಪ್ರೀತಿ ವಿಶ್ವಾಸಕ್ಕಾಗಿ" ಅಂತ ಇದ್ದರೆ ಅದು ಮನೆಯವರ ನಡುವಿನ ಪತ್ರ. ಬಹಳ ಸಲ ಅಪ್ಪನಿಂದ ಮಗನಿಗೆ. ಪತ್ರದ ಕೊನೆಯಲ್ಲಿ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿರುತ್ತಾಳೆ. ಬೇರೆಲ್ಲೂ ಸಿಗದ ಅವಳ ಹೆಸರು ಅಲ್ಲಿರುತ್ತದೆ. 1760ರ ಪತ್ರದಲ್ಲಿ ಹ್ಯಾನಾ, 1766ರ ಪತ್ರದಲ್ಲಿ ಅಬಿಗೇಲ್ ಸಹಿ ಇದ್ದರೆ ನಡುವೆ ಹ್ಯಾನಾ ತೀರಿಕೊಂಡಿರಬೇಕು ಅಂತ ಆ ವರ್ಷಗಳ ಸಾವಿನ ಪುಸ್ತಕ ತೆರೆಯಿರಿ.

6.3 ಅಳತೆ. ಚೆಕ್ಕುಬಂದಿ ಹೀಗಿರುತ್ತದೆ: ಗುರುತು ಮಾಡಿದ ಬಿಳಿ ಓಕ್ ಮರದಿಂದ ಉತ್ತರಕ್ಕೆ ಇಷ್ಟು ಡಿಗ್ರಿ ಪೂರ್ವಕ್ಕೆ ವಾಲಿ 32 ರಾಡ್, ಅಲ್ಲಿ ಕಲ್ಲಿನ ಗುಡ್ಡೆ, ಅಲ್ಲಿಂದ ಇಂಥವರ ಜಮೀನಿನ ಅಂಚಿಗೆ. ರಾಡ್, ಪೋಲ್, ಪರ್ಚ್ ಮೂರೂ ಒಂದೇ, 16.5 ಅಡಿ. ನಾಲ್ಕು ರಾಡ್ ಅಂದರೆ ಒಂದು ಚೈನ್, 66 ಅಡಿ. ಕ್ರಿಕೆಟ್ ಪಿಚ್ ನೋಡಿದವರಿಗೆ ಈ ಅಳತೆ ಗೊತ್ತು, 22 ಗಜ. ನಮ್ಮ ಗುಂಟೆ 33 ಅಡಿ ಚೌಕ, ಅಂದರೆ ಎರಡು ರಾಡ್ ಚೌಕ. ಎಕರೆಗೆ 40 ಗುಂಟೆ, 160 ಚದರ ರಾಡ್. ಹಾಗಾಗಿ ಅವರ ಪತ್ರದ ಚದರ ರಾಡ್‌ಗಳನ್ನು ನಾಲ್ಕರಿಂದ ಭಾಗಿಸಿದರೆ ಗುಂಟೆ ಬರುತ್ತದೆ. ಊರಲ್ಲಿ ಜಮೀನು ಇರುವವರಿಗೆ ಗಾತ್ರ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆದು ನೋಡಿ. ಶುರುವಾದ ಮರಕ್ಕೇ ವಾಪಸ್ ಬಂದರೆ ಸರಿಯಾಗಿ ಓದಿದ್ದೀರಿ. ಬರದಿದ್ದರೆ ಒಂದು ಅಂಕಿ ತಪ್ಪು ಓದಿದ್ದೀರಿ, ಇಲ್ಲ ನಕಲು ಮಾಡಿದ ಗುಮಾಸ್ತ ಒಂದು ಸಾಲು ಹಾರಿಸಿದ್ದಾನೆ.

## ಹಂತ 7: ಅಂಕಿಗಳನ್ನು ಈಗ ಓದಿ

1790ರಿಂದ 1840ರ ಗಣತಿಯನ್ನು ಬೇಕಂತಲೇ ಇಷ್ಟು ತಡವಾಗಿ ತಂದೆ. ಮಕ್ಕಳ ಹೆಸರು ಕೈಯಲ್ಲಿದ್ದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. 1800ರ ಹಾಳೆಯಲ್ಲಿ 10ರ ಒಳಗಿನ ಹುಡುಗರು ಎಷ್ಟು, 16ರ ಒಳಗೆ ಎಷ್ಟು ಅಂತ ಕಾಲಂಗಳಿವೆ. ನಿಮ್ಮ ಪಟ್ಟಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆ ಮನೆಗಳಲ್ಲಿ ಕೂರಿಸಿ. ಒಂದು ಹುಡುಗಿ ಜಾಸ್ತಿ ಇದ್ದರೆ ಗೊತ್ತಿಲ್ಲದ ಮಗಳಿರಬಹುದು, ಕೆಲಸದವಳೂ ಇರಬಹುದು. 1790ರ ಹಾಳೆಗಳು ವರ್ಜೀನಿಯಾ, ನ್ಯೂಜೆರ್ಸಿ, ಜಾರ್ಜಿಯಾ ಮುಂತಾದ ಕೆಲವು ಕಡೆಯವು ಕಳೆದುಹೋಗಿವೆ. ವರ್ಜೀನಿಯಾಕ್ಕೆ 1780ರ ದಶಕದ ತೆರಿಗೆ ಪಟ್ಟಿಗಳೇ ಗತಿ.

ಹಳೇ ಮನೆ ಕೊಂಡವರು 1798ರ ಫೆಡರಲ್ ನೇರ ತೆರಿಗೆ ಪಟ್ಟಿ ನೋಡಲೇಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಅದು ಉಳಿದಿದೆ. ಮಾಲೀಕ ಯಾರು, ವಾಸವಿದ್ದವರು ಯಾರು, ಮನೆಯ ಅಳತೆ, ಎಷ್ಟು ಕಿಟಕಿ ಅನ್ನುವುದರ ತನಕ ಬರೆದಿದ್ದಾರೆ.

ಬ್ರಿಟಿಷರ ವಿರುದ್ಧ ನಡೆದ ಅಮೆರಿಕದ ಕ್ರಾಂತಿಯುದ್ಧದಲ್ಲಿ ದುಡಿದವರ ಪಿಂಚಣಿ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. 1818ರ ಕಾಯಿದೆ ಬಡ ಸೈನಿಕರಿಗೆ, 1832ರದ್ದು ಹೆಚ್ಚು ಜನರಿಗೆ, 1836ರದ್ದು ವಿಧವೆಯರಿಗೆ. ವಿಧವೆ ಮದುವೆಯನ್ನು ಸಾಬೀತು ಮಾಡಬೇಕಿತ್ತು. ಬೇರೆ ದಾರಿ ಇಲ್ಲದೆ ಮನೆಯ ಬೈಬಲ್‌ನಿಂದ ಹುಟ್ಟು ಮದುವೆ ಬರೆದ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಆ ಹಾಳೆಗಳು ಇವತ್ತಿಗೂ ಕಡತದಲ್ಲಿವೆ. 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಗೆ ಬೆಂಕಿ ಬಿದ್ದದ್ದರಿಂದ ಅದಕ್ಕೆ ಮುಂಚಿನ ಅರ್ಜಿಗಳು ಹೋದವು. ಸೈನಿಕ 1790ರಲ್ಲೇ ತೀರಿಕೊಂಡಿದ್ದರೆ ಅವನ ಕಡತಕ್ಕಿಂತ ವಿಧವೆಯದನ್ನು ಹುಡುಕಿ.

## ಗುಲಾಮಗಿರಿಯಲ್ಲಿದ್ದವರ ಕುಟುಂಬವಾದರೆ

ಇಲ್ಲಿ ಗೋಡೆ 1850 ಅಲ್ಲ, 1870. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರು ಮಾತ್ರ ಇದೆ. ಉಳಿದವರು ವಯಸ್ಸು, ಲಿಂಗ, ಬಣ್ಣ. ಮೊದಲು 1870ರಲ್ಲಿ ಕುಟುಂಬವನ್ನು ಹಿಡಿಯಿರಿ. ಆಮೇಲೆ ಬಿಡುಗಡೆಯಾದವರ ನೆರವಿಗೆ 1865ರಲ್ಲಿ ಶುರುವಾದ ಸರ್ಕಾರಿ ಕಚೇರಿ ಫ್ರೀಡ್‌ಮನ್ಸ್ ಬ್ಯೂರೋದ ಕಾಗದಗಳು, ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು. ಬ್ಯಾಂಕಿನವರು ಖಾತೆ ತೆರೆಯುವಾಗ ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರು ಕೇಳಿ ಬರೆದಿರುವುದುಂಟು. ಅಲ್ಲಿಂದ ಹಿಂದಕ್ಕೆ ಹೋಗಲು ಒಡೆಯನ ಪ್ರೊಬೇಟ್ ಕಡತವೇ ದಾರಿ. ಒಡೆಯನ ಅಡ್ಡಹೆಸರೇ ಇವರದ್ದೂ ಇರುತ್ತದೆ ಅಂತ ಮೊದಲೇ ತೀರ್ಮಾನಿಸಬೇಡಿ.

ಉತ್ತರದಲ್ಲಿ ಇದೆಲ್ಲ ಇರಲಿಲ್ಲ ಅಂದುಕೊಂಡವರಿಗೆ ಒಂದು ಮಾತು. ಮ್ಯಾಸಚೂಸೆಟ್ಸ್‌ನ 1771ರ ತೆರಿಗೆ ಪಟ್ಟಿಯಲ್ಲಿ 'ಜೀವಮಾನದ ಆಳುಗಳು' ಅಂತ ಒಂದು ಕಾಲಂ ಇದೆ. ಆಸ್ತಿ ಪಟ್ಟಿ ಓದುತ್ತಾ ಎರಡು ಹಸು, ಒಂದು ಗರಿಯ ಹಾಸಿಗೆ, ಅದರ ಕೆಳಗಿನ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಸರು, ಮುಂದೆ ಪೌಂಡಿನ ಲೆಕ್ಕ. ಆ ಸಾಲು ಕಂಡರೆ ನಿಮ್ಮ ಕುಟುಂಬದವರಲ್ಲದಿದ್ದರೂ ನಕಲು ಮಾಡಿ ಇಡಿ. ಇನ್ಯಾರೋ ಅವಳನ್ನೇ ಹುಡುಕುತ್ತಿರುತ್ತಾರೆ.

## ಹಂತ 8: ಒಂದೇ ಹೆಸರಿನ ಇಬ್ಬರು

ನಾನು ನಾಲ್ಕು ತಿಂಗಳು ಕಳಕೊಂಡದ್ದು ಇಲ್ಲೇ. ಜಾನ್ ಸ್ಮಿತ್ ಅಂತಲೇ ಇಟ್ಟುಕೊಳ್ಳೋಣ. ಒಂದೇ ಊರಲ್ಲಿ ಜಾನ್ ಸೀನಿಯರ್, ಜಾನ್ ಜೂನಿಯರ್. ಅಪ್ಪ ಮಗ ಅಂದುಕೊಂಡೆ. ಅಲ್ಲ. ನಮ್ಮೂರಲ್ಲಿ ದೊಡ್ಡ ರಾಮಣ್ಣ, ಚಿಕ್ಕ ರಾಮಣ್ಣ ಇಲ್ವಾ, ಹಾಗೆ. ಒಂದೇ ಹೆಸರಿನವರಲ್ಲಿ ವಯಸ್ಸಾದವನು ಸೀನಿಯರ್, ಅಷ್ಟೇ. ಇಬ್ಬರೂ ದಾಯಾದಿಗಳು. ಅದಕ್ಕಿಂತ ಕೆಟ್ಟದ್ದು, ಸೀನಿಯರ್ ಸತ್ತ ಕೂಡಲೇ ಜೂನಿಯರ್ ಬಡ್ತಿ ಪಡೆದು ತಾನೇ ಸೀನಿಯರ್ ಆದ.

ಬಿಡಿಸುವ ದಾರಿ ಹೀಗೆ. ಇಬ್ಬರಿಗೂ ಬೇರೆ ಬೇರೆ ಬಣ್ಣ ಕೊಡಿ. ಪ್ರತಿ ದಾಖಲೆಗೂ ಕೇಳಿ: ಜಮೀನು ಯಾವುದು, ಹೆಂಡತಿ ಯಾರು, ಕಸುಬು ಏನು, ಸಹಿ ಹೇಗಿದೆ, ಸಾಕ್ಷಿ ಯಾರು. ಒಬ್ಬ ಸಹಿ ಮಾಡುತ್ತಾನೆ, ಇನ್ನೊಬ್ಬ ಗುರುತು ಹಾಕುತ್ತಾನೆ. ಒಬ್ಬ ಕಮ್ಮಾರ, ಇನ್ನೊಬ್ಬ ರೈತ. ಎಲ್ಲಿ ಗೊತ್ತಾಗುವುದಿಲ್ಲವೋ ಆ ಸಾಲು ಬಿಳಿಯಾಗೇ ಇರಲಿ. ಬಲವಂತಕ್ಕೆ ಬಣ್ಣ ಹಚ್ಚಬೇಡಿ. ನನ್ನ ಇಬ್ಬರು ಜಾನ್‌ಗಳು ಕೊನೆಗೆ ಬೇರೆಯಾದದ್ದು ಒಂದು ಕಲ್ಲಿನ ಗುಡ್ಡೆಯಿಂದ. ಒಂದೇ ಗುಡ್ಡೆ ಮೂರು ಪತ್ರಗಳಲ್ಲಿ ಬಂದಿತ್ತು, ಮೂರರಲ್ಲೂ ಹೆಂಡತಿ ಒಬ್ಬಳೇ.

## ಇವು ಕಂಡರೆ ನಿಲ್ಲಿ

- ಆನ್‌ಲೈನ್ ವೃಕ್ಷದಲ್ಲಿ ತಾಯಿಗೆ 9 ವರ್ಷವಾಗಿದ್ದಾಗ ಮಗು. ನಗಬೇಡಿ, ತುಂಬಾ ಇವೆ.
- ಐವತ್ತು ವೃಕ್ಷಗಳಲ್ಲಿ ಒಂದೇ ತಂದೆಯ ಹೆಸರು, ಆಧಾರ ಎಲ್ಲೂ ಇಲ್ಲ. ಅದು ಐವತ್ತು ಸಾಕ್ಷಿ ಅಲ್ಲ, ಒಂದು ಊಹೆಯ ನಲವತ್ತೊಂಬತ್ತು ನಕಲು.
- ಒಂದು ಮಗು ಮ್ಯಾಸಚೂಸೆಟ್ಸ್, ಮುಂದಿನದು ಸೌತ್ ಕ್ಯಾರೊಲಿನಾ, ಮೂರನೆಯದು ಮತ್ತೆ ಮ್ಯಾಸಚೂಸೆಟ್ಸ್, ಎಲ್ಲ ಮೂರು ವರ್ಷದಲ್ಲಿ.
- ಮೂವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬಂದರು ಅನ್ನುವ ಕಥೆ. ಎಷ್ಟೋ ಮನೆತನಗಳಲ್ಲಿ ಇದೇ ಕಥೆ ಇದೆ.
- "ಕೋರ್ಟು ಸುಟ್ಟಿತು, ಏನೂ ಉಳಿದಿಲ್ಲ." ವರ್ಜೀನಿಯಾದ ಹ್ಯಾನೋವರ್ ತರದ ಕೆಲವು ಕೌಂಟಿಗಳ ಪುಸ್ತಕಗಳು 1865ರಲ್ಲಿ ರಿಚ್ಮಂಡ್‌ನಲ್ಲಿ ಸುಟ್ಟದ್ದು ನಿಜ. ಆದರೆ ತೆರಿಗೆ ಪಟ್ಟಿ ರಾಜ್ಯದ ಬಳಿ ಇತ್ತು, ಪಕ್ಕದ ಕೌಂಟಿಯಲ್ಲಿ ಜಮೀನಿದ್ದರೆ ಪತ್ರ ಅಲ್ಲಿದೆ.

## ಹಂತ 9: ಕಚೇರಿಗೆ ಬರೆಯುವುದು, ಹೋಗುವುದು

ಟೌನ್ ಕ್ಲರ್ಕ್‌ಗೆ "ನಮ್ಮ ಕುಟುಂಬದ ಬಗ್ಗೆ ಇರುವುದೆಲ್ಲ ಕಳಿಸಿ" ಅಂತ ಬರೆದರೆ ಉತ್ತರ ಬರುವುದಿಲ್ಲ. ಒಂದು ಕಾಗದಕ್ಕೆ ಒಂದೇ ಪ್ರಶ್ನೆ: ಇಂಥ ಪುಸ್ತಕ, ಇಂಥ ಪುಟ, ಇಂಥ ದಾಖಲೆಯ ನಕಲು. ಶುಲ್ಕ ಎಷ್ಟು ಅಂತ ಮೊದಲೇ ಕೇಳಿ. ಒಮ್ಮೆ ಒಂದು ಕಚೇರಿಯವರು ನನಗೆ ಅಚ್ಚಿನ ಪುಸ್ತಕದ ಜೆರಾಕ್ಸನ್ನೇ ಮೂಲದ ನಕಲು ಅಂತ ಕಳಿಸಿದ್ದರು. ಅಂದಿನಿಂದ "ಕೈಬರಹದ ಮೂಲ ಪುಟದ ಚಿತ್ರ" ಅಂತ ಬಿಡಿಸಿ ಬರೆಯುತ್ತೇನೆ.

ಹೋಗುವುದಾದರೆ ಫೋನ್ ಮಾಡಿ ಹೋಗಿ. ಚಿಕ್ಕ ಊರುಗಳ ಕಚೇರಿ ವಾರವೆಲ್ಲ ತೆರೆದಿರುವುದಿಲ್ಲ. ಫೋಟೋ ತೆಗೆಯಲು ಬಿಡುತ್ತಾರಾ ಕೇಳಿ. ಬಿಟ್ಟರೆ ಮೊದಲು ಪುಸ್ತಕದ ರಟ್ಟಿನ ಚಿತ್ರ, ಆಮೇಲೆ ಪುಟದ್ದು. ಇಲ್ಲದಿದ್ದರೆ ಮನೆಗೆ ಬಂದು ಯಾವ ಪುಸ್ತಕದ್ದು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪೆನ್ನು ಮನೆಯಲ್ಲೇ ಬಿಡಿ, ಹಳೇ ಪುಸ್ತಕ ಇರುವ ಕೋಣೆಗೆ ಪೆನ್ಸಿಲ್ ಮಾತ್ರ.